ಪತ್ರಿಕೋದ್ಯಮ ಮತ್ತು ಇಂಗ್ಲಿಷ್ ಕಲಿಕೆ: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಎರಡು ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಪತ್ರಿಕೋದ್ಯಮವನ್ನೂ ಇಂಗ್ಲಿಷನ್ನೂ ಕಲಿಸುತ್ತಾ ಬಂದ ವರ್ಷಗಳಲ್ಲಿ, ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ, ಪ್ರವೇಶದ ದಿನಗಳಲ್ಲಿ ಪೋಷಕರ ಬಾಯಿಂದ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಮೊದಲು ಸೇರುವವರ ಅನುಮಾನಗಳು, ಕೊನೆಗೆ ಕೆಲಸದಲ್ಲಿ ತೊಡಗಿರುವವರ ಮತ್ತು ಕಲಿಸುವವರ ಪ್ರಶ್ನೆಗಳು ಬರುತ್ತವೆ.

## ಸೇರುವ ಮೊದಲು

ಸರ್, ನಾನು ಪಿಯುಸಿವರೆಗೂ ಕನ್ನಡ ಮೀಡಿಯಂ. ಪತ್ರಿಕೋದ್ಯಮ ತಗೊಂಡರೆ ಇಂಗ್ಲಿಷ್‌ನಲ್ಲಿ ಮುಗ್ಗರಿಸಿಬಿಡ್ತೀನಾ?

ಜಗಳೂರು, ಮೊಳಕಾಲ್ಮುರು, ಹೊನ್ನಾಳಿ ಕಡೆಯಿಂದ ಬರುವ ಬಹುತೇಕ ವಿದ್ಯಾರ್ಥಿಗಳ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿರುವುದು ಈ ವಿಷಯಕ್ಕೆ ಅಡ್ಡಿಯಲ್ಲ. ಒಂದು ಘಟನೆಯನ್ನು ಕನ್ನಡದಲ್ಲಿ ಗೊಂದಲವಿಲ್ಲದೆ, ಯಾರು ಏನು ಮಾಡಿದರು ಎಂಬುದು ಮಸುಕಾಗದಂತೆ ಬರೆಯಬಲ್ಲವರು ಇಂಗ್ಲಿಷಿನಲ್ಲಿಯೂ ಅದನ್ನು ಕಲಿಯುತ್ತಾರೆ, ಏಕೆಂದರೆ ಎರಡೂ ಭಾಷೆಯ ವರದಿಗೆ ಬೇಕಾದ ಮೂಲಗುಣ ನಿಖರತೆ. ಎರಡು ಭಾಷೆಯಲ್ಲಿಯೂ ಅಸ್ಪಷ್ಟವಾಗಿ ಬರೆಯುವವರಿಗೆ ಮಾತ್ರ ಕಷ್ಟ ಹೆಚ್ಚು, ಮತ್ತು ಅಂಥವರಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಇರುತ್ತಾರೆ.

ಇನ್ನೊಂದು ಸಂಗತಿಯನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದ ಮೊದಲ ಕನ್ನಡ ಪತ್ರಿಕೆ ಮಂಗಳೂರು ಸಮಾಚಾರದ ಸಂಪಾದಕ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. ಕನ್ನಡ ಅವರ ಮನೆಮಾತಾಗಿರಲಿಲ್ಲ. ಬೆಳೆದ ಮೇಲೆ ಇಲ್ಲಿಗೆ ಬಂದು ಕಲಿತ ಭಾಷೆ. ಅವರ ಪತ್ರಿಕೆ ಮುಂದಿನ ವರ್ಷ ನಮ್ಮ ನೆರೆಯ ಬಳ್ಳಾರಿಗೆ ಹೋಯಿತು. ಕಲಿತ ಭಾಷೆಯಲ್ಲಿ ಪತ್ರಿಕೆಯನ್ನೇ ನಡೆಸಬಹುದಾದರೆ, ಐದನೇ ತರಗತಿಗೂ ಮೊದಲೇ ಅಕ್ಷರ ಪರಿಚಯವಾಗಿರುವ ಭಾಷೆಯಲ್ಲಿ ಒಂದು ವರದಿ ಬರೆಯುವುದು ನಿಮ್ಮ ಅಳವಿನಾಚೆಯದಲ್ಲ.

ಕನ್ನಡ ಪೇಪರ್‌ನಲ್ಲೇ ಕೆಲಸ ಮಾಡ್ತೀನಿ ಅಂದಮೇಲೆ ಇಂಗ್ಲಿಷ್ ಯಾಕೆ ಬೇಕು?

ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿ, ಅಂದರೆ ಸುದ್ದಿಗಳನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸುವ ವಿಭಾಗದಲ್ಲಿ, ಒಂದು ಸಂಜೆ ಕುಳಿತರೆ ಉತ್ತರ ತಾನಾಗಿ ಸಿಗುತ್ತದೆ. ಸುದ್ದಿಸಂಸ್ಥೆಗಳ ಸುದ್ದಿ, ಹೈಕೋರ್ಟಿನ ತೀರ್ಪು, ಮಹಾಲೇಖಪಾಲರ ವರದಿ, ಗಣಿಗಾರಿಕೆಗೆ ಸಂಬಂಧಿಸಿದ ಪರಿಸರ ಅನುಮತಿಯ ಕಾಗದಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಬರುತ್ತವೆ. ಚಿತ್ರದುರ್ಗದ ಗಣಿಪ್ರದೇಶದ ಹಳ್ಳಿಯ ದೂಳಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕಾದವರಿಗೂ ಆ ಕಾಗದ ಅರ್ಥವಾಗಬೇಕು. ಅದನ್ನು ಓದಲಾರದ ವರದಿಗಾರ ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದನ್ನೇ ನಂಬಬೇಕಾಗುತ್ತದೆ. ಇಂಗ್ಲಿಷ್ ಬೇಕಿರುವುದು ಮುಖ್ಯವಾಗಿ ಈ ಅವಲಂಬನೆ ತಪ್ಪಿಸಿಕೊಳ್ಳಲು.

ನಮ್ಮ ಹುಡುಗಿ ಇದನ್ನ ಓದಿದ್ರೆ ಕೆಲಸ ಸಿಗುತ್ತಾ ಮೇಷ್ಟ್ರೇ?

ತಂದೆತಾಯಿಯರ ಈ ಪ್ರಶ್ನೆಗೆ ಸಿಹಿ ಸವರಿದ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಸ್ಥಳೀಯ ಪತ್ರಿಕೆಗಳಲ್ಲಿ ಆರಂಭದ ಸಂಬಳ ಕಡಿಮೆ, ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರಿಗೆ ಇನ್ನೂ ಕಡಿಮೆ. ಆದರೆ ಎರಡು ಭಾಷೆಗಳಲ್ಲಿ ತಪ್ಪಿಲ್ಲದೆ ಬರೆಯಬಲ್ಲವರಿಗೆ ದಾರಿಗಳು ಹೆಚ್ಚು: ಪತ್ರಿಕೆಯ ಡೆಸ್ಕ್, ಆಕಾಶವಾಣಿಯ ಕಾರ್ಯಕ್ರಮಗಳು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಅನುವಾದ, ಸಂಸ್ಥೆಗಳ ಪ್ರಕಟಣಾ ವಿಭಾಗ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬೇಗ ನೆಲೆ ಕಂಡವರು ಅನುವಾದದಲ್ಲಿ ಕೈ ಪಳಗಿದವರೇ.

ಬೆಂಗಳೂರಿಗೆ ಹೋಗಿಯೇ ಓದಬೇಕಾ?

ಅಗತ್ಯವಿಲ್ಲ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಎರಡೂ ಜಿಲ್ಲೆಗಳ ಕಾಲೇಜುಗಳಿವೆ. ಕಲಿಯುವವರಿಗೆ ಬೇಕಾದ ಸುದ್ದಿ ಕಾಲ್ನಡಿಗೆಯ ದೂರದಲ್ಲಿ ಸಿಗುವುದು ನಮ್ಮಂಥ ಊರಿನಲ್ಲಿಯೇ: ಎಪಿಎಂಸಿ ಅಂಗಳ, ಜಿಲ್ಲಾ ನ್ಯಾಯಾಲಯ, ಮಹಾನಗರ ಪಾಲಿಕೆ, ಭದ್ರಾ ನಾಲೆ ಎಲ್ಲವನ್ನೂ ಒಂದೇ ವಾರದಲ್ಲಿ ನೋಡಿ ಬರಬಹುದು.

## ಇಂಗ್ಲಿಷ್ ಕಲಿಯುವ ಬಗ್ಗೆ

ಮೊದಲು ಗ್ರಾಮರ್ ಕಲೀಬೇಕಾ, ಮಾತಾಡೋದು ಕಲೀಬೇಕಾ?

ಓದುವುದರಿಂದ ಆರಂಭಿಸಿ. ನಾನು ಕಲಿಸುವ ಕ್ರಮ ಹೀಗಿದೆ: ಒಂದೇ ದಿನದ ಕನ್ನಡ ಪತ್ರಿಕೆ ಮತ್ತು ಇಂಗ್ಲಿಷ್ ಪತ್ರಿಕೆಯನ್ನು ಅಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲಿಯೂ ಬಂದಿರುವ ಒಂದೇ ಸುದ್ದಿಯನ್ನು ಮೊದಲು ಕನ್ನಡದಲ್ಲಿ, ನಂತರ ಇಂಗ್ಲಿಷಿನಲ್ಲಿ ಓದಬೇಕು. 1948ರಲ್ಲಿ ಒಂದೇ ಸಂಸ್ಥೆಯಿಂದ ಆರಂಭವಾದ ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಈ ಅಭ್ಯಾಸಕ್ಕೆ ಚೆನ್ನಾಗಿ ಒದಗುತ್ತವೆ. ವಿಷಯ ಮೊದಲೇ ಗೊತ್ತಿರುವುದರಿಂದ ಪ್ರತಿ ಪದಕ್ಕೂ ನಿಘಂಟು ತೆಗೆಯುವ ಪ್ರಮೇಯ ಬರುವುದಿಲ್ಲ.

ಮೊದಲ ತಿಂಗಳು ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯಿರಿ. ಒಬ್ಬರ ಮಾತನ್ನು ವರದಿ ಮಾಡುವ ಪದಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ: ಸೆಡ್ ಎಂದರೆ ಹೇಳಿದರು, ಕ್ಲೇಮ್ಡ್ ಎಂದರೆ ಪ್ರತಿಪಾದಿಸಿದರು, ಅಲೆಜ್ಡ್ ಎಂದರೆ ಆರೋಪಿಸಿದರು, ಅಡ್ಮಿಟೆಡ್ ಎಂದರೆ ಒಪ್ಪಿಕೊಂಡರು. ಸುಮ್ಮನೆ ಹೇಳಿದವರನ್ನು ‘ಒಪ್ಪಿಕೊಂಡರು’ ಎಂದು ಬರೆದರೆ ಅವರ ಮೇಲೆ ಇಲ್ಲದ ತಪ್ಪನ್ನು ಹೊರಿಸಿದಂತಾಗುತ್ತದೆ. ಹೀಗೆ ಪದದ ಬೆಲೆ ಗೊತ್ತಾದ ಮೇಲೆ ವ್ಯಾಕರಣ ಕಲಿಯುವ ಆಸೆ ವಿದ್ಯಾರ್ಥಿಗಳಲ್ಲಿ ತಾನೇ ಹುಟ್ಟುವುದನ್ನು ಕಂಡಿದ್ದೇನೆ.

ಇಂಗ್ಲಿಷ್‌ನಲ್ಲಿ ಏನು ಬರೆದರೂ ಕನ್ನಡದಿಂದ ಎತ್ತಿಟ್ಟ ಹಾಗೆ ಕಾಣುತ್ತೆ. ಎಲ್ಲಿ ತಪ್ಪಾಗ್ತಿದೆ?

ಕನ್ನಡದಲ್ಲಿ ಸರಿಯಾಗಿರುವ ರಚನೆಯನ್ನು ಹಾಗೆಯೇ ದಾಟಿಸುವುದರಿಂದ ತಪ್ಪಾಗುತ್ತದೆ. ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪದ ಬಗ್ಗೆ ಒಬ್ಬ ವಿದ್ಯಾರ್ಥಿ ಬರೆದು ತಂದ ವರದಿಯ ಎರಡನೇ ವಾಕ್ಯ ಇನ್ನೂ ನೆನಪಿದೆ: ‘ದ ಎಂಜಿನಿಯರ್ ಸೆಡ್ ದಟ್ ಐ ವಿಲ್ ರಿಲೀಸ್ ವಾಟರ್ ಆನ್ ಮಂಡೇ.’ ಕನ್ನಡದಲ್ಲಿ ‘ಸೋಮವಾರ ನೀರು ಬಿಡುತ್ತೇನೆ ಎಂದು ಎಂಜಿನಿಯರ್ ಹೇಳಿದರು’ ಎಂಬುದು ನಿರ್ದುಷ್ಟ ವಾಕ್ಯ, ಏಕೆಂದರೆ ‘ಎಂದು’ ಬಂದರೆ ಅದರ ಹಿಂದಿನ ಮಾತು ಹೇಳಿದವರ ಬಾಯಿಮಾತಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ‘ದಟ್’ ಬಂದ ಮೇಲೆ ‘ಐ’ ಎಂದರೆ ವರದಿಗಾರನೇ ಆಗುತ್ತಾನೆ; ನೀರು ಬಿಡುವ ಹೊಣೆ ಆ ಹುಡುಗನ ತಲೆಗೇ ಬಂದಿತ್ತು. ಅದು ‘ಹೀ ವುಡ್ ರಿಲೀಸ್’ ಎಂದಾಗಬೇಕು.

ಎರಡನೆಯದು ಗೌರವದ ಬಹುವಚನ. ‘ಅವರು ಹೇಳಿದರು’ ಎಂಬುದನ್ನು ‘ದೇ ಸೆಡ್’ ಎಂದು ಬರೆದರೆ ಒಬ್ಬ ಜಿಲ್ಲಾಧಿಕಾರಿ ಹಲವರಾಗಿಬಿಡುತ್ತಾರೆ. ಇದರ ಜೊತೆಗೆ ಕನ್ನಡದ ‘ಅವರು’ ಹೆಣ್ಣೋ ಗಂಡೋ ಎಂಬುದನ್ನು ಹೇಳುವುದಿಲ್ಲ, ಇಂಗ್ಲಿಷಿನಲ್ಲಿ ಅದು ಗೊತ್ತಿರಬೇಕು. ಆದ್ದರಿಂದ ಸ್ಥಳದಲ್ಲಿಯೇ ವಿಚಾರಿಸಿಕೊಂಡು ಬರಬೇಕಾದ ವಿವರಗಳ ಪಟ್ಟಿ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ.

ಮೂರನೆಯದು ಕಾಲ. ‘ಸಚಿವರು ನಿನ್ನೆ ಹರಿಹರಕ್ಕೆ ಬಂದಿದ್ದಾರೆ’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಅದನ್ನೇ ‘ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂದರೆ ತಪ್ಪು. ನಿನ್ನೆ ಎಂಬ ಮುಗಿದ ಕಾಲ ಬಂದ ಕೂಡಲೇ ಇಂಗ್ಲಿಷ್ ‘ಕೇಮ್’ ಎಂಬ ಸರಳ ಭೂತಕಾಲವನ್ನೇ ಕೇಳುತ್ತದೆ. ತಲೆಬರಹದಲ್ಲಿ ಇದು ಇನ್ನೂ ಬೇರೆ. ಕನ್ನಡದ ತಲೆಬರಹ ‘ನಾಲೆಗೆ ನೀರು ಬಿಡುಗಡೆ’ ಎಂದು ನಾಮಪದದಲ್ಲಿ ನಿಲ್ಲುತ್ತದೆ. ಇಂಗ್ಲಿಷಿನದು ನಡೆದುಹೋದ ಸಂಗತಿಯನ್ನು ವರ್ತಮಾನದಲ್ಲಿ, ನಡೆಯಬೇಕಾದುದನ್ನು ಕ್ರಿಯಾಪದದ ಹಿಂದೆ ‘ಟು’ ಇಟ್ಟು ಬರೆಯುತ್ತದೆ. ಈ ಮೂರನ್ನು ಗಮನಿಸಿ ತಿದ್ದಿಕೊಂಡರೆ ನಿಮ್ಮ ಬರವಣಿಗೆ ‘ಎತ್ತಿಟ್ಟ ಹಾಗೆ’ ಕಾಣುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಪ್ರೆಸ್‌ಮೀಟ್‌ನಲ್ಲಿ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳೋಕೆ ಹೋದರೆ ಉಚ್ಚಾರ ಕೇಳಿ ನಗ್ತಾರೆ. ಏನು ಮಾಡಲಿ?

ಕನ್ನಡದಲ್ಲಿ ಎ, ಒಗಳಿಂದ ಶುರುವಾಗುವ ಪದಗಳಿಗೆ ನಾಲಿಗೆ ಯಕಾರ, ವಕಾರ ಸೇರಿಸುತ್ತದೆ. ಹಾಗಾಗಿ ‘ಎಂಡ್’ ಎಂಬುದು ‘ಯೆಂಡ್’ ಆಗುತ್ತದೆ, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಹಚ್ಚಿ ಬಸ್ಸು, ಕಾರು ಎನ್ನುವುದೂ ನಮ್ಮ ಭಾಷೆಯ ನಿಯಮವೇ. ಇವುಗಳಿಗೆ ನಾಚಿಕೊಳ್ಳುವ ಕಾರಣವಿಲ್ಲ, ಅಭ್ಯಾಸದಿಂದ ಕಡಿಮೆ ಮಾಡಿಕೊಳ್ಳಬಹುದು. ಪ್ರಶ್ನೆಯನ್ನು ಹನ್ನೆರಡು ಪದಗಳೊಳಗೆ ಮೊದಲೇ ಬರೆದುಕೊಂಡು, ಎರಡು ಬಾರಿ ಗಟ್ಟಿಯಾಗಿ ಓದಿಕೊಂಡು ಹೋಗಿ. ಅಂಕಿಅಂಶ ಕೈಯಲ್ಲಿಟ್ಟುಕೊಂಡು ಕೇಳಿದ ಪ್ರಶ್ನೆಗೆ ವೇದಿಕೆಯಲ್ಲಿರುವವರು ಉತ್ತರ ಹುಡುಕಬೇಕಾಗುತ್ತದೆ, ಉಚ್ಚಾರದ ಕಡೆ ಅವರ ಗಮನ ಹೋಗುವುದಿಲ್ಲ. ಕನ್ನಡ ಬಲ್ಲ ಅಧಿಕಾರಿಗೆ ಕನ್ನಡದಲ್ಲಿಯೇ ಕೇಳಿ.

## ವರದಿ ಮಾಡುವಾಗ

ಇಂಟ್ರೊ ಬರೆಯೋಕೆ ಕೂತರೆ ಒಂದು ಗಂಟೆ ಹೋಗುತ್ತೆ. ಸುಲಭ ದಾರಿ ಇದೆಯಾ?

ಇಂಟ್ರೊ, ಅಂದರೆ ವರದಿಯ ಆರಂಭದ ಪ್ಯಾರಾ, ಹೊಳೆಯದಿರುವುದಕ್ಕೆ ಬಹುಪಾಲು ಕಾರಣ ಬರವಣಿಗೆಯಲ್ಲಿ ಇರುವುದಿಲ್ಲ. ಮಾಹಿತಿ ಸಾಲದೆ ಬಂದಿರುತ್ತೀರಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಎಪಿಎಂಸಿಗೆ ಕಳುಹಿಸಿದ್ದೆ. ಆಕೆ ‘ಬೆಲೆ ಕುಸಿತದಿಂದ ರೈತರು ಕಂಗಾಲಾಗಿದ್ದಾರೆ’ ಎಂದು ಬರೆದು ತಂದಳು. ಯಾವ ರೈತ, ಎಷ್ಟು ಚೀಲ, ತೇವಾಂಶ ಎಷ್ಟು ಬಂತು, ಅದಕ್ಕೆ ದರದಲ್ಲಿ ಎಷ್ಟು ಕಡಿತವಾಯಿತು ಎಂದು ಕೇಳಿದೆ. ಮರುದಿನ ಬೆಳಿಗ್ಗೆ ಮತ್ತೆ ಹೋಗಿ, ರಾಶಿಯ ಪಕ್ಕ ನಿಂತು, ವ್ಯಾಪಾರಿ ಕಾಳನ್ನು ಯಂತ್ರದ ಬಟ್ಟಲಿಗೆ ಹಾಕಿ ತೇವಾಂಶ ಓದಿದ್ದನ್ನೂ, ಅದನ್ನು ಕೇಳಿದ ರೈತ ಮಾತಾಡದೆ ಒಂದು ಹಿಡಿ ಕಾಳನ್ನು ಬಾಯಿಗೆ ಹಾಕಿ ಕಡಿದು ನೋಡಿದ್ದನ್ನೂ ಬರೆದುಕೊಂಡು ಬಂದಳು. ಕಾಳು ಒಣಗಿದೆಯೋ ಇಲ್ಲವೋ ಎಂಬುದನ್ನು ಆತ ತನ್ನ ಹಲ್ಲಿನಿಂದ ಅಳೆಯುತ್ತಿದ್ದ. ಆಕೆಯ ಇಂಟ್ರೊ ಹತ್ತು ನಿಮಿಷದಲ್ಲಿ ಬರೆದಾಯಿತು, ಮತ್ತು ಅದರಲ್ಲಿ ‘ಕಂಗಾಲು’ ಎಂಬ ಪದ ಇರಲಿಲ್ಲ.

ಲೆಕ್ಕ ಬರಲ್ಲ ಅಂತಾನೇ ಆರ್ಟ್ಸ್ ತಗೊಂಡೆ. ಇಲ್ಲಿ ಟಿಎಂಸಿ, ಕ್ಯುಸೆಕ್, ಪರ್ಸೆಂಟ್ ಎಲ್ಲಾ ಬರುತ್ತಲ್ಲ?

ಬರುತ್ತದೆ, ಮತ್ತು ನಮ್ಮ ಜಿಲ್ಲೆಯ ವರದಿಗಾರರಿಗೆ ಇದರಿಂದ ಬಿಡುಗಡೆಯಿಲ್ಲ. ಬೇಕಾದ ಲೆಕ್ಕ ಏಳನೇ ತರಗತಿಯದು ಮಾತ್ರ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ, ಒಂದು ಟಿಎಂಸಿ ನೀರು ಒಂದೇ ದಿನದಲ್ಲಿ ಹರಿಯಬೇಕಾದರೆ ಸುಮಾರು 11,574 ಕ್ಯುಸೆಕ್ ಬೇಕು. ನಾಲೆಯಲ್ಲಿ 2,000 ಕ್ಯುಸೆಕ್ ಹರಿಯುತ್ತಿದ್ದರೆ ಒಂದು ಟಿಎಂಸಿ ಹೊರಗೆ ಹೋಗಲು ಆರು ದಿನಕ್ಕೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ ಸುಮಾರು 71.5 ಟಿಎಂಸಿ, ಆದರೆ ಮಟ್ಟ ಅರ್ಧಕ್ಕೆ ಬಂದರೆ ನೀರೂ ಅರ್ಧ ಎಂಬ ಲೆಕ್ಕ ನಡೆಯುವುದಿಲ್ಲ, ಮೇಲೆ ಹೋದಂತೆ ಜಲಾಶಯ ಅಗಲವಾಗುವುದರಿಂದ ಮೇಲಿನ ಒಂದೊಂದು ಅಡಿಯಲ್ಲಿ ಹೆಚ್ಚು ನೀರಿರುತ್ತದೆ.

ಶೇಕಡಾವಾರಿನಲ್ಲಿ ಒಂದು ಬಲೆಯಿದೆ. ಕ್ವಿಂಟಲ್‌ಗೆ 2,000 ರೂಪಾಯಿ ಇದ್ದ ಬೆಲೆ 1,500ಕ್ಕೆ ಇಳಿದರೆ ಇಳಿಕೆ ಶೇ 25. ಅದೇ ಬೆಲೆ ಮರಳಿ 2,000ಕ್ಕೆ ಏರಿದರೆ ಏರಿಕೆ ಶೇ 33. ವರ್ಷಗಳನ್ನೂ ಕಳೆದು ನೋಡಿ: ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಹರಿದಾಗ ನನ್ನ ಮೇಜಿಗೆ ಬಂದ ವರದಿಗಳಲ್ಲಿ ‘ಶತಮಾನದ ಬಳಿಕ’ ಎಂಬ ಮಾತಿತ್ತು. ಅದು 89 ವರ್ಷ.

ಇಂಗ್ಲಿಷಿನಿಂದ ಅನುವಾದಿಸುವವರು ಒಂದನ್ನು ಕಂಠಪಾಠ ಮಾಡಲೇಬೇಕು: ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. ಕಲಿಸಲು ಬರುವ ಮೊದಲು ಡೆಸ್ಕ್‌ನಲ್ಲಿ ಕೆಲಸ ಮಾಡುತ್ತಿದ್ದಾಗ 1.2 ಮಿಲಿಯನ್ ಎಂಬುದನ್ನು ನಾನು 1.2 ಕೋಟಿ ಎಂದು ಬರೆದೆ, ಅದು ಹಾಗೆಯೇ ಅಚ್ಚಾಯಿತು. 12 ಲಕ್ಷ ಆಗಬೇಕಿತ್ತು. ಮರುದಿನ ತಿದ್ದುಪಡಿ ಹಾಕಿದರೂ, ತಪ್ಪನ್ನು ಓದಿದವರೆಲ್ಲ ತಿದ್ದುಪಡಿಯನ್ನು ಓದಿರುವುದಿಲ್ಲ ಎಂಬ ಸಂಕಟ ಇಂದಿಗೂ ಉಳಿದಿದೆ.

ಕ್ರೈಂ ಸುದ್ದಿಯಲ್ಲಿ ಯಾರ ಹೆಸರು ಹಾಕಬಹುದು, ಯಾರದು ಹಾಕಬಾರದು?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಸೇರಿದಂತೆ ಗುರುತು ಹತ್ತುವ ಯಾವುದನ್ನೂ ಪ್ರಕಟಿಸದಂತೆ ತಡೆಯುತ್ತದೆ. ವಯಸ್ಕ ಸಂತ್ರಸ್ತೆಯರ ಗುರುತನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ರಕ್ಷಿಸುತ್ತದೆ. ಹೆಸರು ಬಿಟ್ಟರೆ ಸಾಕು ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ನೂರು ಮನೆಯ ಹಳ್ಳಿಯ ಹೆಸರು ಬರೆದು, ‘ಒಂಬತ್ತನೇ ತರಗತಿಯ ಬಾಲಕಿ, ತಂದೆ ಲಾರಿ ಚಾಲಕ’ ಎಂದರೆ ಹೆಸರು ಬರೆದಷ್ಟೇ ಆಯಿತು. ಇಂಥ ವರದಿಯಲ್ಲಿ ತಾಲ್ಲೂಕಿನ ಹೆಸರಿಗೆ ನಿಲ್ಲಿಸಬೇಕೆಂಬುದು ನನ್ನ ತರಗತಿಯ ನಿಯಮ. ಆರೋಪಿ ಮನೆಯವನೇ ಆಗಿದ್ದರೆ ಅವನ ಹೆಸರೂ ಬೇಡ, ಏಕೆಂದರೆ ಅದರಿಂದ ಮಗುವಿನ ಗುರುತು ಸಿಗುತ್ತದೆ.

ಇನ್ನು ಪದಗಳ ವಿಷಯ. ಅರೆಸ್ಟೆಡ್ ಎಂದರೆ ಬಂಧನ ಮಾತ್ರ. ಚಾರ್ಜ್‌ಶೀಟ್ ಎಂದರೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ್ದಾರೆ ಎಂದರ್ಥ. ಕನ್ವಿಕ್ಟೆಡ್ ಎಂದರೆ ಮಾತ್ರ ನ್ಯಾಯಾಲಯ ತಪ್ಪಿತಸ್ಥ ಎಂದು ಹೇಳಿದೆ. ಅಲ್ಲಿಯವರೆಗೆ ಆತ ಆರೋಪಿ, ಅಪರಾಧಿಯಲ್ಲ. ‘ಕಳ್ಳರ ಬಂಧನ’ ಎಂಬ ತಲೆಬರಹವನ್ನು ನಾನು ಪ್ರತಿ ಬಾರಿಯೂ ಹೊಡೆದುಹಾಕುತ್ತೇನೆ.

ಮಾಹಿತಿ ಹಕ್ಕಿನ ಅರ್ಜಿ ವಿದ್ಯಾರ್ಥಿಗಳೂ ಹಾಕಬಹುದಾ?

2005ರ ಕಾಯ್ದೆಯಡಿ ಯಾವ ನಾಗರಿಕರೂ ಹಾಕಬಹುದು, ಕಾರಣ ಹೇಳಬೇಕಿಲ್ಲ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. ಈ 150 ಪದಗಳ ಮಿತಿ ಬರವಣಿಗೆಯ ಒಳ್ಳೆಯ ಪಾಠವೂ ಹೌದು: ‘ಪಾಲಿಕೆಯ ರಸ್ತೆಗಳ ಬಗ್ಗೆ ಮಾಹಿತಿ ಕೊಡಿ’ ಎಂದರೆ ಏನೂ ಸಿಗುವುದಿಲ್ಲ, ಇಂಥ ವಾರ್ಡಿನ ಇಂಥ ರಸ್ತೆಯ ಕಾಮಗಾರಿಗೆ ಇಂಥ ವರ್ಷ ಪಾವತಿಯಾದ ಬಿಲ್ಲುಗಳ ಪ್ರತಿ ಎಂದು ಕೇಳಿದರೆ ಕಾಗದ ಕೈಗೆ ಬರುತ್ತದೆ.

## ಮುಂದುವರಿದವರಿಗೆ ಮತ್ತು ಅಧ್ಯಾಪಕರಿಗೆ

ಒಂದೇ ಸುದ್ದಿಯನ್ನು ಎರಡೂ ಭಾಷೆಯಲ್ಲಿ ಬರೆದರೆ ಎರಡೂ ಒಂದೇ ಥರ ಇರಬೇಕಾ?

ಸಂಗತಿಗಳು ಒಂದೇ ಇರಬೇಕು, ಬರವಣಿಗೆ ಬೇರೆಯಾಗಬೇಕು, ಏಕೆಂದರೆ ಓದುವವರು ಬೇರೆ. ಮಂಡಕ್ಕಿ ಭಟ್ಟಿಯ ಕಾರ್ಮಿಕರ ಬಗ್ಗೆ ದಾವಣಗೆರೆಯ ಓದುಗರಿಗೆ ಬರೆಯುವಾಗ ಭಟ್ಟಿ ಎಂದರೇನು ಎಂದು ವಿವರಿಸುವುದು ಅನಗತ್ಯ. ಅವರಿಗೆ ಬೇಕಾದುದು ಯಾವ ಓಣಿ, ಕೂಲಿ ಎಷ್ಟು, ಯಾವ ಸೌಲಭ್ಯ ತಪ್ಪಿದೆ ಎಂಬುದು. ದೆಹಲಿಯಲ್ಲಿ ಇಂಗ್ಲಿಷ್ ಓದುವವರಿಗೆ ‘ಪಫ್ಡ್ ರೈಸ್ ಫ್ಯಾಕ್ಟರಿ’ ಎಂದರೆ ಶೆಡ್ಡು, ಯಂತ್ರ, ಸಮವಸ್ತ್ರ ಕಣ್ಣಿಗೆ ಬರುತ್ತದೆ, ಅದು ಸುಳ್ಳು ಚಿತ್ರ. ಅಲ್ಲಿ ‘ಭಟ್ಟಿ’ ಎಂಬ ಪದವನ್ನೇ ಉಳಿಸಿಕೊಂಡು, ಕಾದ ಮರಳಿನಲ್ಲಿ ಅಕ್ಕಿ ಅರಳುವ ಒಲೆ, ಅದರ ಮುಂದಿನ ಬಿಸಿ, ಹೊಗೆ, ಜರಡಿ ಹಿಡಿದ ಕೈ ಇವನ್ನು ಎರಡು ವಾಕ್ಯದಲ್ಲಿ ಕಾಣಿಸಬೇಕು. ನನ್ನ ವಿದ್ಯಾರ್ಥಿಗಳು ಮೊದಲು ಕನ್ನಡದಲ್ಲಿ ಬರೆದು, ಅದನ್ನು ಮುಚ್ಚಿಟ್ಟು, ಟಿಪ್ಪಣಿಗಳಿಂದಲೇ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯುತ್ತಾರೆ. ಕನ್ನಡ ಪ್ರತಿ ಕಣ್ಣೆದುರಿಗಿದ್ದರೆ ವಾಕ್ಯಗಳು ಅದರ ಹಿಂದೆಯೇ ಹೋಗಿಬಿಡುತ್ತವೆ.

ಮೊಬೈಲ್ ಒಂದೇ ಸೆಕೆಂಡಿನಲ್ಲಿ ಅನುವಾದ ಮಾಡಿಕೊಡುತ್ತೆ. ಇಷ್ಟೆಲ್ಲಾ ಕಲಿಯಬೇಕಾ ಸರ್?

ಯಂತ್ರದ ಅನುವಾದ ದಿನೇ ದಿನೇ ಉತ್ತಮವಾಗುತ್ತಿದೆ, ಅದನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದು ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯಲು ಎರಡೂ ಭಾಷೆ ಬಲ್ಲವರೇ ಬೇಕು. ಮೇಲೆ ಹೇಳಿದ ‘ಅವರು’ ಎಂಬ ಪದವನ್ನು ಅದು ಊಹೆಯಿಂದ ಗಂಡು ಮಾಡಿಬಿಡಬಹುದು. ಊರಿನ ಹೆಸರನ್ನು ಸಾಮಾನ್ಯ ಪದವೆಂದು ತಿಳಿದು ಅನುವಾದಿಸಿಬಿಡಬಹುದು. ನನ್ನ ಕ್ರಮ ಇಷ್ಟು: ಮೊದಲು ನೀವೇ ಅನುವಾದಿಸಿ, ನಂತರ ಯಂತ್ರದ್ದನ್ನು ಪಕ್ಕದಲ್ಲಿಟ್ಟು, ವ್ಯತ್ಯಾಸವಿರುವ ಪ್ರತಿ ಜಾಗದಲ್ಲಿಯೂ ಯಾವುದು ಸರಿ, ಏಕೆ ಎಂದು ಬರೆಯಿರಿ. ಹೆಸರು ಹೇಳಬೇಡಿ ಎಂದು ಕೇಳಿಕೊಂಡವರ ಮಾತುಗಳನ್ನು ಮಾತ್ರ ಅಂಥ ಆ್ಯಪ್‌ಗಳಿಗೆ ಹಾಕಲೇಬೇಡಿ.

ಅರವತ್ತು ಜನರ ತರಗತಿ. ವಾರಕ್ಕೊಂದು ವರದಿ ಬರೆಸಿದರೆ ತಿದ್ದುವವರು ಯಾರು?

ಹೊಸ ಅಧ್ಯಾಪಕರ ಈ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. ಆರಂಭದಲ್ಲಿ ನಾನು ಎಲ್ಲರ ಎಲ್ಲ ತಪ್ಪುಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಒಬ್ಬ ಹುಡುಗಿಯ ಒಂದು ಪುಟದಲ್ಲಿ ನಲವತ್ತಕ್ಕೂ ಹೆಚ್ಚು ಗುರುತುಗಳಿದ್ದವು; ಮುಂದಿನ ವಾರದಿಂದ ಆಕೆ ಬರೆದು ಕೊಡುವುದನ್ನೇ ನಿಲ್ಲಿಸಿದಳು, ನಾನು ಅದನ್ನು ಗಮನಿಸಲು ಒಂದು ತಿಂಗಳು ಬೇಕಾಯಿತು. ಕೊನೆಗೆ ಕರೆದು ಕೇಳಿದಾಗ, ‘ಯಾವುದರಿಂದ ಶುರು ಮಾಡಬೇಕು ಅಂತ ಗೊತ್ತಾಗಲಿಲ್ಲ ಸರ್’ ಎಂದಳು. ತಪ್ಪು ನನ್ನದಾಗಿತ್ತು.

ಈಗ ವಾರಕ್ಕೆ ಹತ್ತು ಜನರ ಬರಹವನ್ನು ಮಾತ್ರ ಪೂರ್ತಿ ತಿದ್ದುತ್ತೇನೆ, ಆರು ವಾರಕ್ಕೆ ಎಲ್ಲರ ಸರದಿ ಬರುತ್ತದೆ. ಉಳಿದವರು ಜೋಡಿಯಾಗಿ ಕುಳಿತು, ಆ ವಾರಕ್ಕೆ ಗೊತ್ತುಮಾಡಿದ ಒಂದೇ ಬಗೆಯ ತಪ್ಪನ್ನು ಒಬ್ಬರದನ್ನೊಬ್ಬರು ಹುಡುಕುತ್ತಾರೆ: ಒಂದು ವಾರ ಕಾಲ, ಇನ್ನೊಂದು ವಾರ ‘ಯಾರು ಹೇಳಿದರು’ ಎಂಬ ಮೂಲ, ಮತ್ತೊಂದು ವಾರ ಹೆಸರು ಮತ್ತು ಅಂಕಿ. ಪ್ರತಿಯೊಬ್ಬರ ಬಳಿಯೂ ಒಂದು ತಪ್ಪುಗಳ ನೋಟ್‌ಬುಕ್ ಇರುತ್ತದೆ; ಎಡಗಡೆ ತಾವು ಬರೆದ ವಾಕ್ಯ, ಬಲಗಡೆ ತಿದ್ದಿದ ವಾಕ್ಯ. ಬರೆಯುವುದನ್ನು ನಿಲ್ಲಿಸಿದ್ದ ಆ ಹುಡುಗಿಯಿಂದಲೇ ಈ ನೋಟ್‌ಬುಕ್ ಆರಂಭವಾಯಿತು. ವರ್ಷದ ಕೊನೆಯಲ್ಲಿ ಆಕೆ ಅದನ್ನು ನನಗೆ ತೋರಿಸಿದಾಗ, ಮೊದಲ ಪುಟಗಳಲ್ಲಿ ಎಂಟು ಕಡೆ ಇದ್ದ ‘ದೇ ಸೆಡ್’ ಕೊನೆಯ ಪುಟಗಳಲ್ಲಿ ಒಂದು ಕಡೆಯೂ ಇರಲಿಲ್ಲ.